ಕೈಮೇಲಿನ ಗಾಳಿಯ ತೂಕ

ಕುಮಾರಪರ್ವತದ ನೆತ್ತಿಯಲ್ಲಿ ನವೆಂಬರಿನ ಒಂದು ಮಧ್ಯಾಹ್ನ. ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ ಹತ್ತು ಮಾರು ದೂರದ ಪುಟ್ಟ ಕಲ್ಲುಗುಡಿಯೂ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿತ್ತು. ನಮ್ಮ ಹಿಂದೆಯೇ ಹತ್ತಿಬಂದ ಮೂವರು ಹುಡುಗರಲ್ಲಿ ಒಬ್ಬ ಕೈಗಡಿಯಾರ ನೋಡಿಕೊಂಡು, "ಸಾರ್, ಇದು ಟಾಪ್ ಅಲ್ಲ. ಇನ್ನೂ ಎಂಬತ್ತು ಮೀಟರ್ ಬಾಕಿ ಇದೆ" ಎಂದ. ಅವನ ವಾಚು 1631 ಎನ್ನುತ್ತಿತ್ತು. ಶಿಖರದ ಎತ್ತರ 1712 ಮೀಟರ್ ಎಂಬುದನ್ನು ಅವನು ಮೊದಲೇ ಓದಿಕೊಂಡು ಬಂದಿದ್ದ. ಆ ಬಾಕಿ ಎಂಬತ್ತು ಮೀಟರನ್ನು ಹುಡುಕಿಕೊಂಡು ಮಂಜಿನೊಳಕ್ಕೆ ಇನ್ನಷ್ಟು ದೂರ ನಡೆಯಲು ಮೂವರೂ ಎದ್ದು ನಿಂತಿದ್ದರು. ಅಲ್ಲಿಂದ ಮುಂದೆ ಏರೇ ಇಲ್ಲ. ಇರುವುದು ಸೋಮವಾರಪೇಟೆ ಕಡೆಯ ಕಾಡಿನ ಇಳಿಜಾರು, ಮತ್ತು ಕಾಲು ಜಾರಿದರೆ ಹಿಡಿಯಲು ಏನೂ ಸಿಗದ ಬಂಡೆಯ ಅಂಚು. ಗುಡಿಯನ್ನು ತೋರಿಸಿ, ಇದೇ ತುದಿ ಎಂದು ನಂಬಿಸಲು ಹತ್ತು ನಿಮಿಷ ಹಿಡಿಯಿತು. ನಂಬಿದ ಮೇಲೆ ಅವನು ಹೇಳಿದ ಮಾತು: "ಹಾಗಾದ್ರೆ ಈ ವಾಚೇ ಡಬ್ಬಾ ಸಾರ್."

ಈ ಬರಹ ಆ ಮಾತಿನ ವಿರುದ್ಧ. ಅವನ ವಾಚು ಡಬ್ಬಾ ಆಗಿರಲಿಲ್ಲ. ಬೆಳಿಗ್ಗೆ ಕುಕ್ಕೆಯಲ್ಲಿ ಅದಕ್ಕೆ ಸರಿಯಾದ ಎತ್ತರವನ್ನು ಕೊಟ್ಟೇ ಹೊರಟಿದ್ದ. ಅದು ದಾರಿಯುದ್ದಕ್ಕೂ ತನ್ನ ಕೆಲಸವನ್ನು ನಿಯತ್ತಿನಿಂದ ಮಾಡಿತ್ತು. 1631 ಎಂಬ ಅಂಕಿಗೆ ಲೆಕ್ಕವಿದೆ, ಆ ಲೆಕ್ಕವನ್ನು ಮುಂದೆ ಬಿಡಿಸಿಯೇ ತೋರಿಸುತ್ತೇನೆ. ವಾರದ ನಂತರ ಅವನು ಆ ವಾಚನ್ನು ಅಂಗಡಿಗೆ ಒಯ್ದನಂತೆ. ಅಲ್ಲಿ ಕೌಂಟರಿನಲ್ಲಿದ್ದವರು ಎರಡು ನಿಮಿಷ ತಿರುಗಿಸಿ ನೋಡಿ, "ಜಿಪಿಎಸ್ ವೀಕ್ ಆಗಿದೆ, ಎಕ್ಸ್‌ಚೇಂಜಿಗೆ ಹಾಕಿ, ಡ್ಯುಯಲ್ ಬ್ಯಾಂಡ್ ಇರೋದು ತಗೊಳ್ಳಿ" ಎಂದರಂತೆ. ಐವತ್ತು ಸಾವಿರದ ಮಾತು. ಓಟಗಾರರ ಗುಂಪಿನಲ್ಲಿ, ಸೈಕಲ್ ತುಳಿಯುವವರ ಬೆಳಗಿನ ಕಾಫಿಯ ಹೊತ್ತಿನಲ್ಲಿ, ಚಾರಣದ ಬಸ್ಸಿನಲ್ಲಿ ನಾನು ಕೇಳುವುದೂ ಇದನ್ನೇ. ಎತ್ತರ ತಪ್ಪು ಬಂತೇ, ಜಿಪಿಎಸ್ ಸರಿಯಿಲ್ಲ. ರೀಸೆಟ್ ಹೊಡಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡು. ಆಗಲೂ ಆಗದಿದ್ದರೆ ಇನ್ನೂ ದುಬಾರಿಯದ್ದನ್ನು ಕೊಳ್ಳು. ಅಲ್ಲಿಯ ತನಕ ಆ್ಯಪ್‌ನಲ್ಲಿ 'ಎಲಿವೇಶನ್ ಕರೆಕ್ಷನ್' ಒತ್ತು.

ಈ ಸಲಹೆಯ ಒಂದೊಂದು ತುಂಡೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದೆ. ನಮ್ಮ ಕೈಗೆ ಎತ್ತರವನ್ನು ಉಪಗ್ರಹ ಕಳಿಸಿಕೊಡುತ್ತದೆ ಎಂಬ ತಿಳಿವಳಿಕೆ ಅದು. ಬ್ಯಾರೋಮೀಟರ್ ಇರುವ ವಾಚು ಏರಿಳಿತವನ್ನು ಅಳೆಯುವುದು ಗಾಳಿಯ ಒತ್ತಡದಿಂದ. ನಮ್ಮ ತಲೆಯ ಮೇಲೆ ಎಷ್ಟು ಗಾಳಿ ಕೂತಿದೆ ಎಂದು ತೂಗಿ ನೋಡಿ, ಗಾಳಿ ಇಷ್ಟು ಕಡಿಮೆಯಾಯಿತು, ಆದ್ದರಿಂದ ಇಷ್ಟು ಮೇಲೆ ಬಂದೆವು ಎಂದು ಅದು ಊಹಿಸುತ್ತದೆ. ತಕ್ಕಡಿಗೆ ಬಂದ ದೋಷವನ್ನು ಆಕಾಶದಲ್ಲಿ ಹುಡುಕಿದರೆ ಸಿಕ್ಕೀತೆ?

ಉಪಗ್ರಹದ ಎತ್ತರ ಎಷ್ಟರಮಟ್ಟಿಗೆ ನೆಚ್ಚಿಕೊಳ್ಳುವಂಥದ್ದು ಎಂಬುದನ್ನು ಮೊದಲು ನೋಡೋಣ. ನಾವು ಭೂಮಿಯ ಮೇಲೆ ಎಲ್ಲಿದ್ದೇವೆ ಎಂದು ತಿಳಿಯಲು ಪೂರ್ವದ ಉಪಗ್ರಹವೂ ಇದೆ, ಪಶ್ಚಿಮದ್ದೂ ಇದೆ. ಉತ್ತರ ದಕ್ಷಿಣಗಳೂ ಇವೆ. ಒಂದರ ತಪ್ಪನ್ನು ಎದುರಿನದು ತೂಗಿಸುತ್ತದೆ. ಎತ್ತರದ ವಿಷಯದಲ್ಲಿ ಆ ಅನುಕೂಲವಿಲ್ಲ. ಉಪಗ್ರಹಗಳೆಲ್ಲ ಮೇಲಿವೆ, ಕೆಳಗಿನಿಂದ ತೂಗಿಸಲು ಒಂದೂ ಇಲ್ಲ, ಭೂಮಿಯೇ ಅಡ್ಡ. ಹಾಗಾಗಿ ಅಡ್ಡ ಅಳತೆಯಲ್ಲಿ ಐದು ಮೀಟರ್ ತಪ್ಪುವ ಉಪಕರಣ ಎತ್ತರದ ಅಳತೆಯಲ್ಲಿ ಅದರ ಒಂದೂವರೆ ಎರಡು ಪಟ್ಟು ತಪ್ಪುತ್ತದೆ. ದಟ್ಟ ಕಾಡಿನಲ್ಲಿ, ಬಂಡೆಯ ಮಗ್ಗುಲಲ್ಲಿ, ಎತ್ತರದ ಕಟ್ಟಡಗಳ ಸಂದಿಯಲ್ಲಿ ಇನ್ನೂ ಹೆಚ್ಚು. ಡ್ಯುಯಲ್ ಬ್ಯಾಂಡ್ ಬಂದಿರುವುದರಿಂದ ಕಟ್ಟಡಕ್ಕೆ ಬಡಿದು ಬರುವ ಸಂಕೇತದ ಕಾಟ ಕಡಿಮೆಯಾಗಿದೆ ಎಂಬುದು ನಿಜ. ನಕ್ಷೆಯ ಮೇಲೆ ನಿಮ್ಮ ಓಟದ ಗೆರೆ ರಸ್ತೆಯ ಮೇಲೇ ಬೀಳುತ್ತದೆ. ಆದರೆ ಎಷ್ಟು ಹಣ ಕೊಟ್ಟರೂ ನಿಮ್ಮ ಕಾಲ ಕೆಳಗೆ ಉಪಗ್ರಹ ಹಾರುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ನಾಡಿಗೇ ವಿಶೇಷವಾದದ್ದು. ಉಪಗ್ರಹ ವ್ಯವಸ್ಥೆ ಎತ್ತರವನ್ನು ಅಳೆಯುವುದು ಸಮುದ್ರದಿಂದಲ್ಲ, ಗಣಿತದಲ್ಲಿ ನಯವಾಗಿ ಕಡೆದ ತುಸು ಚಪ್ಪಟೆಯಾದ ಗೋಳಾಕಾರದ ಭೂಮಿಯೊಂದರ ಮೈಯಿಂದ. ನಿಜವಾದ ಸಮುದ್ರದ ಮಟ್ಟ ಹಾಗೆ ನಯವಾಗಿಲ್ಲ. ಗುರುತ್ವ ಹೆಚ್ಚಿರುವ ಕಡೆ ಉಬ್ಬಿದೆ, ಕಡಿಮೆಯಿರುವ ಕಡೆ ತಗ್ಗಿದೆ. ಇಡೀ ಭೂಮಿಯಲ್ಲಿ ಅತಿ ಆಳವಾದ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರ ಆ ಲೆಕ್ಕದ ಮೈಗಿಂತ ನೂರು ಮೀಟರಿಗೂ ಕೆಳಗಿದೆ. ಅದರ ಕಾರಣವನ್ನು ಭೂಗರ್ಭದಾಳದಲ್ಲಿ ಹುಡುಕಿ 2023ರಲ್ಲಿ ವಿವರಣೆ ಮುಂದಿಟ್ಟವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್. ಆ ತಗ್ಗಿನ ಇಳಿಜಾರಿನಲ್ಲಿಯೇ ನಾವೂ ಇದ್ದೇವೆ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಸುಮಾರು 86 ಮೀಟರ್. ಪಣಂಬೂರಿನ ಮರಳಿನ ಮೇಲೆ ನಿಂತು ಫೋನಿನ ಯಾವುದೋ ಆ್ಯಪ್ ತೆರೆದಾಗ ನೀವು ಸಮುದ್ರಕ್ಕಿಂತ ಎಂಬತ್ತು ತೊಂಬತ್ತು ಮೀಟರ್ ಕೆಳಗಿದ್ದೀರಿ ಎಂದು ತೋರಿಸಿದರೆ, ಆ ಆ್ಯಪ್ ಕಚ್ಚಾ ಅಂಕಿಯನ್ನೇ ನಿಮ್ಮ ಮುಂದೆ ಸುರಿದಿದೆ ಎಂದರ್ಥ. ಒಳ್ಳೆಯ ವಾಚುಗಳು ಈ ಅಂತರವನ್ನು ತಾವೇ ಕೂಡಿ ಕಳೆದು ಸರಿಪಡಿಸುತ್ತವೆ. ಆದರೆ ಸರಿಪಡಿಸದ ಫೋನನ್ನು ಪಕ್ಕದಲ್ಲಿಟ್ಟು, "ನೋಡಿ, ಫೋನ್ 830 ಅಂತಿದೆ, ವಾಚ್ 915 ಅಂತಿದೆ, ವಾಚ್ ಕೆಟ್ಟಿದೆ" ಎಂದು ತೀರ್ಪು ಕೊಡುವವರನ್ನು ನಾನು ನೋಡಿದ್ದೇನೆ. ಆ ಜಗಳದಲ್ಲಿ ಸರಿಯಾಗಿದ್ದದ್ದು ವಾಚು.

ಸಮುದ್ರ ಮಟ್ಟ ಎಂಬುದೂ ಆಕಾಶದಿಂದ ಇಳಿದ ಮಾತಲ್ಲ. ಭಾರತದ ನಕ್ಷೆಗಳಲ್ಲಿ ನಾವು ಓದುವ ಎತ್ತರಗಳಿಗೆ ಆಧಾರವಾದ 1909ರ ಲೆಕ್ಕಕ್ಕೆ ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತವನ್ನು ವರ್ಷಗಟ್ಟಲೆ ಬರೆದಿಟ್ಟ ದಾಖಲೆ ಬೇಕಾಯಿತು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಅಲ್ಲಿಂದ ಮಟ್ಟಗೋಲು ಹಿಡಿದು, ಊರಿಂದೂರಿಗೆ ಕಲ್ಲು ನೆಟ್ಟುಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಎತ್ತರವನ್ನು ಒಳನಾಡಿಗೆ ಹೊತ್ತು ತಂದರು. ಎತ್ತರ ಅಂದರೆ ಯಾವಾಗಲೂ ಒಂದು ಗೊತ್ತಿರುವ ಜಾಗದಿಂದ ಇನ್ನೊಂದು ಜಾಗಕ್ಕೆ ಇರುವ ಅಂತರ. ಗೊತ್ತಿರುವ ಜಾಗವೇ ಇಲ್ಲದಿದ್ದರೆ ಎತ್ತರವೂ ಇಲ್ಲ. ನಾನು ಹೇಳಬೇಕೆಂದಿರುವುದು ಇದೊಂದೇ. ವಾಚನ್ನು ಬೈಯುವವರೆಲ್ಲ ಮರೆತಿರುವುದೂ ಇದನ್ನೇ.

ಗಾಳಿಯನ್ನು ತೂಗಿದ ಹಳಬರು ಮಾತ್ರ ಇದನ್ನು ಮರೆತಿರಲಿಲ್ಲ. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಕ್ಲೆರ್ಮೋಂ ಊರಿನಲ್ಲಿ ಫ್ಲೋರಿನ್ ಪೆರಿಯೆ ಎಂಬಾತ ಪಾದರಸದ ಕೊಳವೆ ಹೊತ್ತು ಪ್ವಿ ದ ಡೋಮ್ ಬೆಟ್ಟ ಹತ್ತಿದ. ಹತ್ತಿಸಿದವನು ಅವನ ಹೆಂಡತಿಯ ತಮ್ಮ ಬ್ಲೇಸ್ ಪ್ಯಾಸ್ಕಲ್. ಬೆಟ್ಟದ ಎತ್ತರ 1465 ಮೀಟರ್, ನಮ್ಮ ನಂದಿಬೆಟ್ಟಕ್ಕಿಂತ ಒಂದಿಷ್ಟೇ ಕಡಿಮೆ. ತುದಿ ತಲುಪುವಷ್ಟರಲ್ಲಿ ಪಾದರಸ ಮೂರು ಅಂಗುಲಕ್ಕೂ ಹೆಚ್ಚು ಇಳಿದಿತ್ತು. ಗಾಳಿಗೆ ತೂಕವಿದೆ, ಮೇಲೇರಿದಂತೆ ಆ ತೂಕ ಕಡಿಮೆಯಾಗುತ್ತದೆ ಎಂಬುದನ್ನು ಲೋಕ ಕಣ್ಣಾರೆ ಕಂಡದ್ದು ಅಂದು. ಶಾಲೆಯ ಪುಸ್ತಕ ಇಲ್ಲಿಗೆ ನಿಲ್ಲಿಸುತ್ತದೆ. ನನಗೆ ಆ ದಿನದ ದೊಡ್ಡ ಸಂಗತಿ ಬೆಟ್ಟದ ಮೇಲೆ ನಡೆದದ್ದಲ್ಲ. ಪೆರಿಯೆ ಅದೇ ಬಗೆಯ ಇನ್ನೊಂದು ಕೊಳವೆಯನ್ನು ಕೆಳಗೆ ಮಠದ ತೋಟದಲ್ಲಿ ನಿಲ್ಲಿಸಿ, ಒಬ್ಬ ಸನ್ಯಾಸಿಯನ್ನು ಇಡೀ ದಿನ ಅದರ ಮುಂದೆ ಕೂರಿಸಿದ್ದ. ಸಂಜೆಯವರೆಗೆ ಆ ಪಾದರಸ ಅಲುಗಲಿಲ್ಲ ಎಂದು ಆ ಸನ್ಯಾಸಿ ಹೇಳಿದ ಮೇಲಷ್ಟೇ, ಬೆಟ್ಟದ ಮೇಲೆ ಪಾದರಸ ಇಳಿದದ್ದು ಎತ್ತರದಿಂದ, ಹವೆ ಕೆಟ್ಟದ್ದರಿಂದಲ್ಲ ಎಂದು ಧೈರ್ಯವಾಗಿ ಹೇಳಲು ಬಂತು.

ನಮ್ಮ ಕೈಯಲ್ಲಿರುವುದು ಪೆರಿಯೆಯ ಕೊಳವೆಯ ಮೊಮ್ಮಗು, ಅಕ್ಕಿಕಾಳಿನ ಗಾತ್ರದ ಚಿಪ್ಪು. ಅಂಗೈ ಎತ್ತರದ ವ್ಯತ್ಯಾಸವನ್ನೂ ಹಿಡಿಯಬಲ್ಲ ಸೂಕ್ಷ್ಮ ಅದರದ್ದು. ಕೆಳಗೆ ಕೂತ ಸನ್ಯಾಸಿ ಮಾತ್ರ ನಮ್ಮ ಬಳಿ ಇಲ್ಲ. ಹವೆಯಲ್ಲಿ ಆಗುವ ಬದಲಾವಣೆಯನ್ನೆಲ್ಲ ವಾಚು ಎತ್ತರದ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ಬೆಂಗಳೂರಿನ ಮಟ್ಟದಲ್ಲಿ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ವಾಚು ಒಂಬತ್ತು ಮೀಟರ್ ಏರಿದೆ ಎನ್ನುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ರೇಡಿಯೋ ಹೇಳುವ ದಿನ ಇದು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಕುಸಿತವೇನೂ ಇಲ್ಲದ, ಹೊಳೆಯುವ ಬಿಸಿಲಿನ ದಿನವೂ ಇದು ನಡೆಯುತ್ತದೆ. ಮಾರ್ಚಿನ ಒಂದು ಭಾನುವಾರ ನನ್ನ ವಾಚಿನ ಆಟೋ ಕ್ಯಾಲಿಬ್ರೇಶನ್ ಆಫ್ ಮಾಡಿ, ಸೆನ್ಸರ್ ಮೋಡನ್ನು 'ಆಲ್ಟಿಮೀಟರ್'ಗೆ ಇಟ್ಟು, ಊಟದ ಮೇಜಿನ ಮೇಲೆ ಬಿಟ್ಟೆ. ಬೆಳಿಗ್ಗೆ ಹತ್ತಕ್ಕೆ 915 ಎಂದು ತೋರಿಸಿತು. ಮಧ್ಯಾಹ್ನ ಊಟಕ್ಕೆ ಕೂತಾಗ 931. ಸಂಜೆ ನಾಲ್ಕಕ್ಕೆ 946. ಮೇಜು ಅಲ್ಲೇ ಇತ್ತು. ರಾತ್ರಿ ಹತ್ತರ ಹೊತ್ತಿಗೆ ಮತ್ತೆ 920ರ ಆಸುಪಾಸಿಗೆ ಇಳಿದು ಬಂತು. ಸಮುದ್ರಕ್ಕೆ ಉಬ್ಬರವಿಳಿತ ಇರುವಂತೆ ಗಾಳಿಗೂ ಇದೆ. ಸೂರ್ಯನ ಕಾವಿಗೆ ವಾತಾವರಣ ದಿನಕ್ಕೆರಡು ಸಲ ಉಸಿರಾಡುತ್ತದೆ. ಬೆಳಿಗ್ಗೆ ಹತ್ತು ಮತ್ತು ರಾತ್ರಿ ಹತ್ತರ ಸುಮಾರಿಗೆ ಒತ್ತಡ ಹೆಚ್ಚು, ನಸುಕಿನ ನಾಲ್ಕು ಮತ್ತು ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಯೂರೋಪು ಅಮೆರಿಕಗಳ ಉತ್ತರದ ಊರುಗಳಲ್ಲಿ ಈ ಉಸಿರಾಟ ಬಲು ಸಣ್ಣದು. ದಿನದಿಂದ ದಿನಕ್ಕೆ ಬದಲಾಗುವ ಹವೆಯ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಉಷ್ಣವಲಯದಲ್ಲಿ ಇದು ಗಡಿಯಾರದಷ್ಟು ಕರಾರುವಾಕ್ಕು. ಹಗಲಿನಲ್ಲಿ ಮೂರು ನಾಲ್ಕು ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಆ ಊರುಗಳವರಿಗಾಗಿ ಬರೆದ ಕೈಪಿಡಿ "ಹವಾಮಾನ ಬದಲಾದರೆ ಎತ್ತರ ಬದಲಾಗಬಹುದು" ಎಂದು ಒಂದು ಸಾಲಿನಲ್ಲಿ ಮುಗಿಸಿದರೆ ನಡೆಯುತ್ತದೆ. ನಮಗೆ ಹವಾಮಾನ ಬದಲಾಗಬೇಕಾಗಿಯೇ ಇಲ್ಲ. ಹತ್ತು ಗಂಟೆಗೆ ಮನೆ ಬಿಟ್ಟು ನಾಲ್ಕಕ್ಕೆ ಅದೇ ಬಾಗಿಲಿಗೆ ಬಂದವರ ವಾಚು ಮೂವತ್ತು ಮೀಟರ್ ಮೇಲೆ ನಿಂತಿದ್ದರೆ ಅದು ನಮ್ಮ ಸೂರ್ಯನ ಸಹಜ ಕೆಲಸ. ಎಷ್ಟು ಜನ ಇದೊಂದೇ ಕಾರಣಕ್ಕೆ ತಮ್ಮ ವಾಚನ್ನು ರೀಸೆಟ್ ಮಾಡಿ, ಒಳಗಿದ್ದ ಸರಿಯಾದ ಹೊಂದಾಣಿಕೆಯನ್ನೂ ಅಳಿಸಿಕೊಂಡಿದ್ದಾರೋ ಎಂದು ನೆನೆದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಈಗ ಕುಮಾರಪರ್ವತದ 1631ಕ್ಕೆ ಬರುತ್ತೇನೆ. ಒತ್ತಡವನ್ನು ಎತ್ತರವಾಗಿ ಬದಲಾಯಿಸುವ ಸೂತ್ರಕ್ಕೆ ಗಾಳಿಯ ಉಷ್ಣತೆಯೂ ಬೇಕು. ಬಿಸಿ ಗಾಳಿ ಹಿಗ್ಗಿರುತ್ತದೆ. ಅದೇ ತೂಕದ ಗಾಳಿ ಹೆಚ್ಚು ಎತ್ತರವನ್ನು ತುಂಬುತ್ತದೆ. ಕೈಮೇಲಿನ ವಾಚಿಗೆ ಹೊರಗಿನ ಗಾಳಿಯ ನಿಜವಾದ ಉಷ್ಣತೆ ಗೊತ್ತಾಗುವುದಿಲ್ಲ, ನಮ್ಮ ಮೈಯ ಬಿಸಿ ಅದನ್ನು ಕೆಡಿಸುತ್ತದೆ. ಅದಕ್ಕೇ ಅದು ಒಂದು ಮಾದರಿ ವಾತಾವರಣವನ್ನು ನಂಬಿಕೊಂಡು ಲೆಕ್ಕ ಹಾಕುತ್ತದೆ: ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಅಲ್ಲಿಂದ ಮೇಲೆ ಕಿಲೋಮೀಟರಿಗೆ 6.5 ಡಿಗ್ರಿಯಂತೆ ಇಳಿತ. ಸಮುದ್ರದಂಚಿನಲ್ಲಿ 15 ಡಿಗ್ರಿ! ಕರಾವಳಿಯಲ್ಲಿ ಮಾಗಿಯ ಚಳಿಗೂ ಅಷ್ಟು ಇಳಿಯುವುದು ಅಪರೂಪ. ಕುಕ್ಕೆ ಸುಮಾರು 120 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ತುದಿಗೆ 1590 ಮೀಟರ್ ಏರು. ಆ ದಾರಿಯ ನಡುಮಟ್ಟದಲ್ಲಿ ಮಾದರಿಯ ಪ್ರಕಾರ 9 ಡಿಗ್ರಿ ಇರಬೇಕು. ನಾವು ಹತ್ತಿದ ದಿನ ಇದ್ದದ್ದು ಸುಮಾರು 24. ಹದಿನೈದು ಡಿಗ್ರಿಯ ಈ ಅಂತರ ಏರಿಕೆಯನ್ನು ಶೇಕಡ 5ಕ್ಕೂ ಮಿಕ್ಕಿ ಕಡಿಮೆ ತೋರಿಸುತ್ತದೆ. 1590ರ ಜಾಗದಲ್ಲಿ 1510. ಅದಕ್ಕೆ ಕುಕ್ಕೆಯ 120 ಸೇರಿಸಿ: 1630. ಹುಡುಗನ ವಾಚು ಒಂದು ಮೀಟರಿನಷ್ಟು ಆಚೆ ನಿಂತಿತ್ತು, ಅಷ್ಟೆ.

ಇಳಿಯುವಾಗ ದಾರಿಯ ನಡುವಿನ ಗಿರಿಗದ್ದೆಯ ಬಳಿ ಬಂಡೆಯ ಮೇಲೆ ಕೂತು ಇದೇ ಲೆಕ್ಕವನ್ನು ಅವನ ಫೋನಿನಲ್ಲಿ ಮಾಡಿ ತೋರಿಸಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಮತ್ತೆ ಇದನ್ನ ಯಾರೂ ಯಾಕೆ ಹೇಳಲ್ಲ ಸಾರ್?" ಎಂದು ಕೇಳಿದ. ಹೇಳುವವರು ಇಲ್ಲದ್ದರಿಂದಲೇ ಅಂಗಡಿಯವರ ಮಾತು ವೇದವಾಗಿದೆ. ಆಲ್ಪ್ಸ್‌ನ ತಂಪಿನಲ್ಲಿ ಸರಿಯಾಗಿ ಎಣಿಸುವ ಅದೇ ಯಂತ್ರ ಪಶ್ಚಿಮ ಘಟ್ಟದಲ್ಲಿ ನೂರಕ್ಕೆ ಐದಾರು ಮೀಟರ್ ಕಡಿಮೆ ಎಣಿಸುತ್ತದೆ. ಬೆಚ್ಚಗಿನ ದಿನ ಬರೀ ಬ್ಯಾರೋಮೀಟರಿನ ಲೆಕ್ಕದಲ್ಲಿ ಹತ್ತುತ್ತಿದ್ದರೆ, ಏರಿದ ಪ್ರತಿ ನೂರು ಮೀಟರಿಗೆ ಐದಾರು ಮೀಟರನ್ನು ಮನಸ್ಸಿನಲ್ಲೇ ಸೇರಿಸಿಕೊಳ್ಳಿ. ಹೊಸ ವಾಚು ಕೊಂಡರೆ ಈ ಐದಾರು ಮೀಟರ್ ಹೋಗುವುದಿಲ್ಲ. ಅದರೊಳಗೂ ಇರುವುದು ಅದೇ ಸೂತ್ರ.

ಹಾಗಾದರೆ ಪರಿಹಾರವೇನು? ಸನ್ಯಾಸಿಯನ್ನು ಮರಳಿ ಕರೆತರಬೇಕು. ಗೊತ್ತಿರುವ ಎತ್ತರದಲ್ಲಿ ನಿಂತು, ಆ ಅಂಕಿಯನ್ನು ಕೈಯಾರೆ ವಾಚಿಗೆ ಕೊಟ್ಟು, ಆಮೇಲೆ ಹೆಜ್ಜೆ ಇಡಬೇಕು. ನಮ್ಮ ದೇಶದಲ್ಲಿ ಗೊತ್ತಿರುವ ಎತ್ತರಗಳಿಗೆ ಬರವಿಲ್ಲ. ರೈಲು ನಿಲ್ದಾಣದ ಹಳದಿ ಹಲಗೆಯ ಮೇಲೆ ಊರ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎತ್ತರ ಬರೆದಿರುತ್ತದೆ. ಹಳಿ ಹಾಕಿದ ಎಂಜಿನಿಯರುಗಳು ಮಟ್ಟಗೋಲಿನಿಂದ ಅಳೆದ ಅಂಕಿ ಅದು. ಕೋಟಿ ಬೆಲೆಯ ಉಪಗ್ರಹಕ್ಕಿಂತ ನಮ್ಮ ಕೆಲಸಕ್ಕೆ ಅದೇ ಹೆಚ್ಚು ನಂಬಿಕಸ್ತ. ಕುಮಾರಪರ್ವತಕ್ಕೆ ಹೋಗುವವರಲ್ಲಿ ಎಷ್ಟೋ ಜನ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲೇ ಇಳಿಯುತ್ತಾರೆ. ಹಲಗೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರ ಮೇಲಿನ ಅಂಕಿಯನ್ನು ವಾಚಿಗೆ ಹಾಕಿಕೊಳ್ಳುವವರನ್ನು ನಾನು ಒಬ್ಬರನ್ನೂ ಕಂಡಿಲ್ಲ. ಅರ್ಧ ನಿಮಿಷದ ಕೆಲಸ.

ಆ ದಾರಿಯ ರೈಲೇ ನನ್ನ ವಾದಕ್ಕೆ ಒಳ್ಳೆಯ ಸಾಕ್ಷಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಘಟ್ಟ ಇಳಿಯುವಾಗ 57 ಸುರಂಗಗಳು. ಒಮ್ಮೆ ಇಡೀ ಇಳಿತವನ್ನು ಎರಡು ಬಗೆಯಲ್ಲಿ ದಾಖಲು ಮಾಡಿದೆ: ನನ್ನ ಕೈಯಲ್ಲಿ ಬ್ಯಾರೋಮೀಟರ್ ಇರುವ ವಾಚು, ಎದುರು ಕೂತ ಸ್ನೇಹಿತನ ಕೈಯಲ್ಲಿ ಬರೀ ಉಪಗ್ರಹವನ್ನು ನಂಬಿದ ವಾಚು. ಅವನದರಲ್ಲಿ ಎತ್ತರದ ಗೆರೆ ಮುರಿದ ಬಾಚಣಿಗೆಯ ಹಲ್ಲಿನಂತೆ ಬಂತು. ಪ್ರತಿ ಸುರಂಗದ ಬಾಯಲ್ಲೂ ಅದು ದಾರಿ ತಪ್ಪಿ, ಹೊರಗೆ ಬಂದಾಗ ಎಲ್ಲೋ ಎದ್ದು ಎಲ್ಲೋ ಬೀಳುತ್ತಿತ್ತು. ನನ್ನದರಲ್ಲಿ ಕಿಟಕಿ ತೆರೆದ ಬೋಗಿಯ ಗಾಳಿಯನ್ನೇ ತೂಗುತ್ತ, ಮೊದಲಿನಿಂದ ಕೊನೆಯವರೆಗೆ ಒಂದೇ ಹದವಾದ ಇಳಿಜಾರು. ಕತ್ತಲೆಯಲ್ಲೂ ಗಾಳಿಗೆ ತೂಕವಿದೆಯಲ್ಲ.

ಇಷ್ಟು ಹದವಾಗಿ ಬಂದ ಗೆರೆಯನ್ನು ಮನೆಗೆ ಬಂದ ಮೇಲೆ 'ಎಲಿವೇಶನ್ ಕರೆಕ್ಷನ್' ಎಂಬ ಗುಂಡಿ ಒತ್ತಿ ಹಾಳು ಮಾಡಿಕೊಳ್ಳುವವರ ಮೇಲೆ ನನಗೆ ಸಿಟ್ಟಿದೆ. ಅವರಿಗಿಂತ ಹೆಚ್ಚಾಗಿ, ಹಾಗೆ ಮಾಡಿ ಎಂದು ಹೇಳಿಕೊಡುವವರ ಮೇಲೆ. ಆ ಗುಂಡಿ ನಿಮ್ಮ ವಾಚಿನ ಅಳತೆಯನ್ನು ತಿದ್ದುವುದಿಲ್ಲ, ತೆಗೆದು ಬಿಸಾಡುತ್ತದೆ. ಅದರ ಜಾಗದಲ್ಲಿ ಭೂಮಿಯ ಎತ್ತರದ ಒಂದು ನಕ್ಷೆಯಿಂದ ಅಂಕಿಗಳನ್ನು ಎತ್ತಿ ಹಾಕುತ್ತದೆ. ಇಂಥ ನಕ್ಷೆಗಳಲ್ಲಿ ಬಹಳ ಹೆಸರಾದದ್ದು 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ಅಳೆದದ್ದು. ಅದ್ಭುತವಾದ ಕೆಲಸ, ಅನುಮಾನವೇ ಇಲ್ಲ. ಆದರೆ ಅದರ ಒಂದು ಚೌಕ ಎಂದರೆ ಮೂವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲ. ಅಷ್ಟು ಜಾಗಕ್ಕೆಲ್ಲ ಒಂದೇ ಎತ್ತರ. ಕುಮಾರಪರ್ವತದ ದಾರಿಯಲ್ಲಿ ಸಿಗುವ ಶೇಷಪರ್ವತದ ಏಣಿನ ಮೇಲೆ ಮೂವತ್ತು ಮೀಟರ್ ಪಕ್ಕಕ್ಕೆ ಸರಿದರೆ ನೀವು ಎಲ್ಲಿರುತ್ತೀರಿ ಎಂದು ಅಲ್ಲಿ ನಡೆದವರಿಗೆ ಗೊತ್ತು. ದಟ್ಟ ಕಾಡಿನಲ್ಲಿ ಆ ರೇಡಾರು ಪೂರ್ತಿ ನೆಲ ಮುಟ್ಟಿಲ್ಲ, ಮರಗಳ ನೆತ್ತಿಯ ಎತ್ತರವೂ ಅಂಕಿಯೊಳಗೆ ಬೆರೆತಿದೆ. ಸೇತುವೆಯ ಮೇಲೆ ಓಡಿದರೆ ನಕ್ಷೆಗೆ ನೀವು ಹೊಳೆಯ ಪಾತ್ರದಲ್ಲಿರುತ್ತೀರಿ. ಸುರಂಗದಲ್ಲಿ ಹೋದರೆ ಗುಡ್ಡದ ನೆತ್ತಿಯ ಮೇಲೆ. ನಂದಿಬೆಟ್ಟದ ತಿರುವುಗಳಲ್ಲಿ ಸೈಕಲ್ ತುಳಿದವರ ಗೆರೆ ರಸ್ತೆಯಿಂದ ಹತ್ತೇ ಮೀಟರ್ ಆಚೀಚೆ ಸರಿದರೂ, ಪಕ್ಕದ ಚೌಕದ ಎತ್ತರ ಸೇರಿಕೊಂಡು ಇಲ್ಲದ ಏರು, ಇಲ್ಲದ ಇಳಿವು ಹುಟ್ಟುತ್ತವೆ. ಒಟ್ಟು ಏರಿಕೆ ಉಬ್ಬುತ್ತದೆ. ಉಬ್ಬಿದ್ದನ್ನು ಕಂಡು ಖುಷಿಪಡುವವರೂ ಇದ್ದಾರೆ. ವಾಚಿನಲ್ಲಿ ಬ್ಯಾರೋಮೀಟರೇ ಇಲ್ಲದಿದ್ದರೆ ಈ ಗುಂಡಿ ಒತ್ತುವುದು ಸರಿ, ಏಕೆಂದರೆ ಮೂವತ್ತು ಮೀಟರಿನ ಚೌಕ ಉಪಗ್ರಹದ ಓಲಾಟಕ್ಕಿಂತ ಮೇಲು. ಇದ್ದರೆ, ದಯವಿಟ್ಟು ಮುಟ್ಟಬೇಡಿ.

ಬ್ಯಾರೋಮೀಟರಿಗೆ ಬರುವ ಕಾಯಿಲೆಗಳಲ್ಲಿ ಹೆಚ್ಚಿನವು ಮನೆಮದ್ದಿಗೆ ಬಗ್ಗುವಂಥವು. ವಾಚಿನ ಮಗ್ಗುಲಲ್ಲೋ ಬೆನ್ನಿಗೋ ಎರಡು ಮೂರು ಸೂಜಿಮೊನೆಯಷ್ಟು ತೂತುಗಳಿರುತ್ತವೆ. ಗಾಳಿ ಒಳಗೆ ಹೋಗುವುದು ಅಲ್ಲಿಂದ. ಬೆವರಿನ ಉಪ್ಪು, ಸನ್‌ಸ್ಕ್ರೀನಿನ ಜಿಡ್ಡು, ಕೆಮ್ಮಣ್ಣಿನ ಧೂಳು ಮೂರೂ ಸೇರಿ ಅಲ್ಲಿ ಒಂದು ಮೇಣದಂಥ ಬಿರಡೆಯಾಗುತ್ತದೆ. ಆಗ ವಾಚು ನೀವು ಇನ್ನೂರು ಮೀಟರ್ ಹತ್ತುವವರೆಗೂ ಸುಮ್ಮನಿದ್ದು, ಆಮೇಲೆ ಒಮ್ಮೆಗೇ ನೆಗೆಯುತ್ತದೆ. ಗ್ರಾಫಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಇದೇ ಕಾರಣ ಎಂದು ಹತ್ತಕ್ಕೆ ಒಂಬತ್ತು ಸಲ ಹೇಳಬಹುದು. ನಾನು ಪ್ರತಿ ಚಾರಣದ ನಂತರ ಒಂದು ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ವಾಚನ್ನು ಅದರಲ್ಲಿ ಹತ್ತು ನಿಮಿಷ ನೆನೆಯಲು ಬಿಡುತ್ತೇನೆ. ನೀರಿನ ಬಣ್ಣ ತೆಳು ಚಹಾದಂತಾಗುತ್ತದೆ. ಬಟ್ಟಲಲ್ಲೇ ನಾಲ್ಕು ಸಲ ಅಲ್ಲಾಡಿಸಿ, ನಲ್ಲಿಯ ಸಣ್ಣ ಧಾರೆಗೆ ಹಿಡಿದು, ಬಟ್ಟೆಯ ಮೇಲೆ ಮಗ್ಗುಲಾಗಿ ರಾತ್ರಿಯಿಡೀ ಒಣಗಲು ಇಡುವುದು. ಪಿನ್ನು, ಸೂಜಿ, ಸಿಮ್ ತೆಗೆಯುವ ಕಡ್ಡಿ ಯಾವುದನ್ನೂ ಆ ತೂತಿಗೆ ಚುಚ್ಚಬಾರದು. ಒಳಗಿರುವ ತೆಳು ಪೊರೆ ಹರಿದರೆ ಅದು ನಿಜವಾಗಿಯೂ ಡಬ್ಬಾ ಆಗುತ್ತದೆ.

ಘಟ್ಟದ ಇಳಿತದಲ್ಲಿ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಸೈಕಲ್ ಬಿಟ್ಟಾಗ ಗಾಳಿ ಆ ತೂತಿಗೆ ನೇರವಾಗಿ ಬಡಿದರೆ ಹತ್ತು ಮೀಟರಿನವರೆಗೆ ಏರುಪೇರಾಗಬಹುದು. ತೋಳಿನ ಬಟ್ಟೆಯನ್ನು ವಾಚಿನ ಮೇಲೆ ಸಡಿಲವಾಗಿ ಎಳೆದುಕೊಂಡರೆ ಸಾಕು. ಬೆಟ್ಟ ಹತ್ತುವಾಗ ಸೆನ್ಸರ್ 'ಬ್ಯಾರೋಮೀಟರ್' ಮೋಡಿನಲ್ಲೇ ಉಳಿದುಬಿಟ್ಟಿದ್ದರೆ ವಾಚು ಎತ್ತರವನ್ನು ಕಟ್ಟಿಹಾಕಿ, ಇಳಿಯುವ ಒತ್ತಡವನ್ನೆಲ್ಲ ಹವೆಯ ಲೆಕ್ಕಕ್ಕೆ ಬರೆಯುತ್ತದೆ. ಚಾರ್ಮಾಡಿ ಹತ್ತುವಾಗ ತಿಳಿಯಾದ ಆಕಾಶದ ಕೆಳಗೆ "ಬಿರುಗಾಳಿ ಬರುತ್ತಿದೆ" ಎಂದು ವಾಚು ಕೂಗಿಕೊಂಡರೆ ಮೊದಲು ನೋಡಬೇಕಾದದ್ದು ಆ ಸೆಟ್ಟಿಂಗನ್ನು.

ನನ್ನ ಮಾತಿಗೆ ಎದುರಾಗಿ ಬರುವ ವಾದಗಳಲ್ಲಿ ತೂಕದ್ದು ಒಂದಿದೆ. ಐವತ್ತು ಸಾವಿರ ಕೊಟ್ಟವನು ಗಾಳಿಯ ಶಾಸ್ತ್ರ ಓದಬೇಕೇ? ಯಂತ್ರ ತಾನೇ ಸರಿಪಡಿಸಿಕೊಳ್ಳಬಾರದೇ? ಇದನ್ನು ನಾನು ತಳ್ಳಿಹಾಕುವುದಿಲ್ಲ. ಆಟೋ ಕ್ಯಾಲಿಬ್ರೇಶನ್ ಇರುವುದು ಇದಕ್ಕಾಗಿಯೇ. ದಿನವಿಡೀ ನಡೆಯುವ ಚಾರಣದಲ್ಲಿ ಅದನ್ನು ಸತತವಾಗಿ ಚಾಲೂ ಇಟ್ಟರೆ ಹಗಲಿನ ಉಬ್ಬರವಿಳಿತವೂ ಬಿಸಿಗಾಳಿಯ ಕೊರತೆಯೂ ನಿಧಾನವಾಗಿ ತೂಗಿಹೋಗುತ್ತವೆ. ಆದರೆ ಆಟೋ ಎಂಬುದು ಆಧಾರ ಕೇಳುವುದು ಯಾರನ್ನು? ಅದೇ ಉಪಗ್ರಹವನ್ನು. ಹೊರಡುವ ಗಡಿಬಿಡಿಯಲ್ಲಿ, ಬಸ್ಸಿನೊಳಗೆ, ಲಾಡ್ಜಿನ ತಗಡಿನ ಸೂರಿನಡಿ, ಮರದ ಬುಡದಲ್ಲಿ ನಿಂತು ಸ್ಟಾರ್ಟ್ ಒತ್ತಿದರೆ ಇನ್ನೂ ನೆಲೆಗೊಳ್ಳದ ಎತ್ತರವನ್ನೇ ಅದು ಆಧಾರವಾಗಿ ಹಿಡಿಯುತ್ತದೆ. ಆಮೇಲಿನ ಪ್ರತಿ ಅಂಕಿಗೂ ಆ ಮೊದಲ ತಪ್ಪು ಅಂಟಿಕೊಂಡು ಬರುತ್ತದೆ. ಬಯಲಿನಲ್ಲಿ ಐದು ಹತ್ತು ನಿಮಿಷ ನಿಂತು ಹೊರಟರೆ ಆಟೋ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಹೀಗೆ ನಿಲ್ಲಬೇಕು ಎಂದು ಮಾರುವಾಗ ಹೇಳಲಿಲ್ಲವಲ್ಲ, ನನ್ನ ತಕರಾರು ಅದರ ಮೇಲೆ.

"ಒಂದಿಷ್ಟು ಮೀಟರ್ ಹೆಚ್ಚುಕಡಿಮೆ ಆದರೆ ಗಂಟೇನು ಹೋಯ್ತು" ಎನ್ನುವವರಿಗೆ ನನ್ನ ಉತ್ತರ ಕುಮಾರಪರ್ವತದ ಆ ಮಂಜು. ದಾರಿ ಕಾಣದಾಗ ನಕ್ಷೆಯ ಮೇಲೆ ನಾವೆಲ್ಲಿದ್ದೇವೆ ಎಂದು ಖಚಿತ ಮಾಡಿಕೊಳ್ಳಲು ಎತ್ತರದಷ್ಟು ಒಳ್ಳೆಯ ಗುರುತು ಇನ್ನೊಂದಿಲ್ಲ. ಅಲ್ಲಿ ಎಂಬತ್ತು ಮೀಟರ್ ಎಂದರೆ ಮೂವರು ಹುಡುಗರು ಎತ್ತ ಹೆಜ್ಜೆ ಇಡುತ್ತಾರೆ ಎಂಬ ಪ್ರಶ್ನೆ.

ನಿಜವಾಗಿಯೂ ಕೆಟ್ಟ ಸೆನ್ಸರುಗಳು ಇಲ್ಲವೆಂದಲ್ಲ. ಕೆಟ್ಟಿದೆಯೋ ಇಲ್ಲವೋ ನೋಡಲು ಅಂಗಡಿ ಬೇಡ, ಅಪಾರ್ಟ್‌ಮೆಂಟಿನ ಲಿಫ್ಟು ಸಾಕು. ಹತ್ತು ಮಹಡಿ ಇದ್ದರೆ ಒಂದೊಂದಕ್ಕೆ ಮೂರು ಮೀಟರಿನಂತೆ ಮೂವತ್ತು. ಕೆಳಗೆ ನಿಂತು ಅಂಕಿ ಬರೆದುಕೊಳ್ಳಿ, ಲಿಫ್ಟಿನಲ್ಲಿ ಹೋಗಿ ಮೇಲಿನ ಅಂಕಿ ಬರೆದುಕೊಳ್ಳಿ, ತಕ್ಷಣ ಕೆಳಗಿಳಿದು ಮತ್ತೆ ನೋಡಿ. ಐದು ನಿಮಿಷದೊಳಗೆ ಗಾಳಿಯ ಉಬ್ಬರವೂ ಇಲ್ಲ, ಬಿಸಿಯ ಲೆಕ್ಕವೂ ಒಂದೆರಡು ಮೀಟರಿಗಿಂತ ಹೆಚ್ಚಿಲ್ಲ. ಅಂತರ ಇಪ್ಪತ್ತೆಂಟು ಮೂವತ್ತರ ಹತ್ತಿರ ಬಂದು, ಕೆಳಗಿನ ಎರಡು ಅಂಕಿಗಳೂ ಕೂಡಿಬಂದರೆ ಸೆನ್ಸರ್ ಗಟ್ಟಿಯಾಗಿದೆ. ಅದು 900 ಎಂದರೂ 700 ಎಂದರೂ ಅದರ ತಪ್ಪಲ್ಲ, ಆಧಾರ ಕೊಡದ ನಮ್ಮದು. ತೊಳೆದು ಒಣಗಿಸಿದ ಮೇಲೂ ಅಂತರ ಹತ್ತೋ ಅರವತ್ತೋ ಬಂದರೆ, ಅಥವಾ ಅಂಕಿ ಕದಲದೇ ಕೂತರೆ, ಆಗ ವಾರಂಟಿ ಚೀಟಿ ಹುಡುಕಿ. ಈ ಪರೀಕ್ಷೆ ಮಾಡದೆ "ಜಿಪಿಎಸ್ ವೀಕ್" ಎಂದು ಹೇಳುವ ಕೌಂಟರಿಗೆ ನಿಮ್ಮ ವಾಚನ್ನು ಒಪ್ಪಿಸಬೇಡಿ.

ಆ ಹುಡುಗ ವಾಚು ಬದಲಾಯಿಸಲಿಲ್ಲ. ಜನವರಿಯಲ್ಲಿ ಮತ್ತೆ ಹೋಗಿದ್ದನಂತೆ. ನಿಲ್ದಾಣದ ಹಲಗೆಯ ಅಂಕಿ ಹಾಕಿಕೊಂಡು ಹೊರಟು, ನೂರಕ್ಕೆ ಐದರ ಲೆಕ್ಕ ಸೇರಿಸಿಕೊಂಡಾಗ ತುದಿಯಲ್ಲಿ ಹನ್ನೆರಡು ಮೀಟರಿನ ವ್ಯತ್ಯಾಸ ಬಂತು ಎಂದು ಸಂದೇಶ ಕಳಿಸಿದ. ಜೊತೆಗೊಂದು ಪ್ರಶ್ನೆ: "ಗಿರಿಗದ್ದೆ ಚೆಕ್‌ಪೋಸ್ಟಲ್ಲಿ ಎತ್ತರ ಬರೆದಿದ್ರೆ ಮಧ್ಯದಲ್ಲಿ ಇನ್ನೊಂದ್ ಸಲ ಸರಿ ಮಾಡ್ಕೋಬಹುದಿತ್ತಲ್ವಾ ಸಾರ್?" ಇದನ್ನೇ ನಾನು ಅರಣ್ಯ ಇಲಾಖೆಯವರಲ್ಲಿ, ಚಾರಣ ನಡೆಸುವವರಲ್ಲಿ ಕೇಳುತ್ತಿದ್ದೇನೆ. ಪ್ಲಾಸ್ಟಿಕ್ ತರಬೇಡಿ, ಬೆಂಕಿ ಹಾಕಬೇಡಿ ಎಂದು ಬರೆದ ಹಲಗೆಗಳು ದಾರಿಯುದ್ದಕ್ಕೂ ಇವೆ. ಚೆಕ್‌ಪೋಸ್ಟಿನಲ್ಲಿ, ಕಲ್ಲುಮಂಟಪದಲ್ಲಿ, ಶೇಷಪರ್ವತದಲ್ಲಿ, ತುದಿಯ ಗುಡಿಯ ಬಳಿ ಒಂದೊಂದು ಅಂಕಿ ಬರೆಯಲು ಒಂದು ಸಣ್ಣ ಡಬ್ಬಿ ಬಿಳಿ ಬಣ್ಣ ಸಾಕು.